ರಹೀಂ ಸಾಹೇಬರೂ ನಮ್ಮ ಪಿ.ಟಿ. ಮಾಸ್ಟ್ರುಗಳೂ

ಕರಾವಳಿಯ ಪತ್ರಿಕೆಗಳ ಸ್ಥಳೀಯ ಪುಟದಲ್ಲಿ ನಿಧನ ವಾರ್ತೆಗೆಂದೇ ಒಂದು ಮೂಲೆ ಇರುತ್ತದೆ. ಉಡುಪಿಯ ಅಂಬಲಪಾಡಿಯಲ್ಲಿ ಬೆಳಗ್ಗೆ ಚಾ ಕುಡಿಯುತ್ತಾ ಪೇಪರು ಬಿಡಿಸುವ ಹಿರಿಯರು ಮುಖಪುಟದ ರಾಜಕೀಯಕ್ಕಿಂತ ಮೊದಲು ಕಣ್ಣು ಹಾಯಿಸುವುದು ಆ ಮೂಲೆಗೇ. ಅಂಚೆಚೀಟಿಗಿಂತ ತುಸು ದೊಡ್ಡ ಫೋಟೊ, ಅದರ ಕೆಳಗೆ ಏಳೆಂಟು ಸಾಲು. ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು, ಅಲ್ಪಕಾಲದ ಅಸೌಖ್ಯ, ವಿದ್ಯಾರ್ಥಿ ದೆಸೆಯಲ್ಲಿ ಉತ್ತಮ ವಾಲಿಬಾಲ್ ಆಟಗಾರರಾಗಿದ್ದರು, ಪತ್ನಿ, ಮಕ್ಕಳು ಹಾಗೂ ಅಪಾರ ಶಿಷ್ಯವರ್ಗವನ್ನು ಅಗಲಿದ್ದಾರೆ. ಅಷ್ಟರಲ್ಲಿ ಸುದ್ದಿ ಮುಗಿಯಿತು. ಆಡಿದ್ದು ಯಾವ ತಂಡಕ್ಕೆ, ನೆಟ್ಟಿನ ಬಳಿ ನಿಂತು ಸ್ಮ್ಯಾಷ್ ಹೊಡೆಯುತ್ತಿದ್ದವರೋ ಹಿಂದೆ ನಿಂತು ಬಾಲು ಎತ್ತಿ ಕೊಡುತ್ತಿದ್ದವರೋ, ಆಟ ಬಿಟ್ಟು ಶಾಲೆ ಸೇರಿದ್ದು ಯಾಕೆ, ಇದಕ್ಕೆಲ್ಲ ಅಲ್ಲಿ ಜಾಗವಿಲ್ಲ. ಮಾರನೆಯ ದಿನದಿಂದ ವಾಟ್ಸಾಪ್ ಗುಂಪುಗಳಲ್ಲಿ ಮಾತ್ರ ಮುಂಬೈ, ದುಬೈ, ಬೆಂಗಳೂರಿನಿಂದ ಒಂದೊಂದೇ ಸಾಲು ಬರತೊಡಗುತ್ತದೆ: ನನಗೆ ಮೊದಲ ಶೂ ತೆಗೆಸಿಕೊಟ್ಟದ್ದು ಅವರೇ ಮಾರಾಯ್ರೆ.

ಆಟಗಾರನಾಗಿದ್ದು ಶಾಲಾ ಮಾಸ್ಟ್ರಾದವರ ಬಗ್ಗೆ ಬರೆಯಬೇಕೆಂದಾಗ ಇಂಥ ನೂರು ಮುಖ ಕಣ್ಣ ಮುಂದೆ ಬರುತ್ತವೆ. ಒಬ್ಬರ ಹೆಸರು ಹೇಳಿದರೆ ಇನ್ನೊಬ್ಬರ ಶಿಷ್ಯರು ಬಿಟ್ಟಾರೆಯೇ! ಅದಕ್ಕೆ ಇಲ್ಲಿ ನಾನು ಹೇಳಹೊರಟದ್ದು ಈ ಜಾತಿಯ ಮಾಸ್ಟ್ರುಗಳಲ್ಲೆಲ್ಲ ಅತಿ ಎತ್ತರಕ್ಕೆ ಹೋದ, ಆದರೂ ಕೊನೆಯವರೆಗೆ ಮಾಸ್ಟ್ರಾಗಿಯೇ ಉಳಿದ ಒಬ್ಬರ ಕತೆ. ಅವರು ಸೈಯದ್ ಅಬ್ದುಲ್ ರಹೀಂ. ಊರು ಹೈದರಾಬಾದ್, ಆಟ ಫುಟ್‌ಬಾಲ್. ವಾಲಿಬಾಲ್, ಕಬಡ್ಡಿ, ಕ್ರಿಕೆಟ್ಟುಗಳ ನಮ್ಮ ಊರಿಗೆ ಎರಡೂ ಸ್ವಲ್ಪ ದೂರದವು. ವೃತ್ತಿ ಮಾತ್ರ ನಮ್ಮದೇ: ಪಿ.ಟಿ. ಮಾಸ್ಟ್ರು.

ರಹೀಂ ಹುಟ್ಟಿದ್ದು 1909ರ ಆಗಸ್ಟ್ 17ರಂದು. ಆಗ ಹೈದರಾಬಾದ್ ನಿಜಾಮರ ರಾಜ್ಯದ ರಾಜಧಾನಿ. ನಮ್ಮ ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳೂ ಅದೇ ಆಡಳಿತದಲ್ಲಿದ್ದವು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ರಹೀಂ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದರು. ಅಲ್ಲಿನ ಹಳೆಯ, ಹೊಸ ವಿದ್ಯಾರ್ಥಿಗಳು ಸೇರಿ ಕಟ್ಟಿದ ‘ಇಲೆವೆನ್ ಹಂಟರ್ಸ್’ ತಂಡಕ್ಕೆ ಆಡಿದರು, ಮುಂದೆ ಊರಿನ ಕಮರ್ ಕ್ಲಬ್ಬಿಗೂ ಆಡಿದರು. ಒಳ್ಳೆಯ ಆಟಗಾರ ಅನ್ನಿಸಿಕೊಂಡರು. ಆದರೆ ಆಟದಿಂದ ಹೊಟ್ಟೆ ತುಂಬುವ ಕಾಲ ಅದಲ್ಲ. ಬಿ.ಎ. ಮುಗಿಸಿ ಕಾಚಿಗುಡದ ಮಿಡ್ಲ್ ಸ್ಕೂಲಿನಲ್ಲಿ ಮಾಸ್ಟ್ರಾದರು. ಆಮೇಲೆ ಉರ್ದು ಶರೀಫ್ ಶಾಲೆ, ದಾರುಲ್ ಉಲೂಮ್ ಹೈಸ್ಕೂಲು, ಚಾದರ್‌ಘಾಟ್ ಹೈಸ್ಕೂಲು. ನಡುವೆ ದೈಹಿಕ ಶಿಕ್ಷಣದ ಡಿಪ್ಲೊಮಾ ಪಡೆದು, ಕೊನೆಯ ಎರಡು ಶಾಲೆಗಳಲ್ಲಿ ಆಟೋಟದ ಹೊಣೆಯನ್ನೂ ಹೊತ್ತರು. ಪಾಠ ಮಾಡುತ್ತಿದ್ದ ಮಾಸ್ಟ್ರು ತಾನಾಗಿ ಅಂಗಳಕ್ಕೆ ಇಳಿದದ್ದು ಇದು. ನಮ್ಮಲ್ಲಿ ಇಂದಿಗೂ ಬಡ್ತಿ ಎಂದರೆ ಅಂಗಳದಿಂದ ಆಫೀಸು ರೂಮಿಗೆ ಹೋಗುವುದು.

1940ರ ದಶಕದಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಅವರಿಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು ಎಸ್.ಎಂ. ಹಾದಿ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕಾಗಿ ಟೆನಿಸ್ ಆಡಿ, ಹತ್ತು ವರ್ಷದ ಬಳಿಕ ರಣಜಿ ಟ್ರೋಫಿಯ ಮೊತ್ತಮೊದಲ ಶತಕ ಹೊಡೆದ ಮನುಷ್ಯ. ಅಂಥ ಸಕಲಕಲಾ ವಲ್ಲಭನ ಜಾಗಕ್ಕೆ ಒಬ್ಬ ಸ್ಕೂಲ್ ಮಾಸ್ಟ್ರು ಬಂದಾಗ ಊರಿನವರು ಏನಂದುಕೊಂಡರೋ! ರಹೀಂ ಮಾತ್ರ ಅಲ್ಲಿಯೂ ಶಾಲೆಯನ್ನೇ ನಡೆಸಿದರು.

ಅವರು ನಡೆಸಿದ ಟೂರ್ನಮೆಂಟುಗಳನ್ನು ನೋಡಿದರೆ ಇದು ತಿಳಿಯುತ್ತದೆ. ಎಳೆಯ ಹುಡುಗರಿಗೆ ಡ್ರಿಬ್ಲಿಂಗ್ ನಿಷಿದ್ಧವಾದ ಪಂದ್ಯಾವಳಿ: ಚೆಂಡು ಕಾಲಿಗೆ ಬಂದರೆ ಇಟ್ಟುಕೊಂಡು ಕುಣಿಯುವಂತಿಲ್ಲ, ಕೂಡಲೇ ಇನ್ನೊಬ್ಬನಿಗೆ ಕೊಡಬೇಕು. ಯಾವ ಕಾಲು ದುರ್ಬಲವೋ ಅದರಲ್ಲಿ ಮಾತ್ರ ಒದೆಯಬೇಕೆಂಬ ಪಂದ್ಯಾವಳಿ ಇನ್ನೊಂದು. ಇದು ಕೋಚ್‌ಗಿಂತ ಹೆಚ್ಚಾಗಿ ಮಾಸ್ಟ್ರ ತಲೆ. ತರಗತಿಯಲ್ಲಿ ನಲುವತ್ತು ಮಕ್ಕಳಿದ್ದಾಗ ಒಬ್ಬೊಬ್ಬನನ್ನೂ ಕರೆದು ಬುದ್ಧಿ ಹೇಳುತ್ತ ಕೂತರೆ ಬೆಲ್ಲು ಹೊಡೆದುಬಿಡುತ್ತದೆ. ಲೆಕ್ಕವನ್ನೇ ಹೇಗೆ ಕೊಡಬೇಕೆಂದರೆ, ಅದನ್ನು ಬಿಡಿಸುವಾಗ ಕಲಿಯಬೇಕಾದದ್ದು ತಾನಾಗಿ ಕಲಿತುಬಿಡಬೇಕು. ರಹೀಂ ಆಟದ ನಿಯಮವನ್ನೇ ಪಾಠವಾಗಿಸಿದರು. ಚೆಂಡು ತನ್ನ ಸ್ವಂತದ್ದೆಂದುಕೊಂಡ ಹುಡುಗನಿಗೆ ಭಾಷಣ ಬೇಕಾಗಲಿಲ್ಲ.

ಅಲ್ಲಿಂದ ಬಂದ ಹುಡುಗರೇ ಹೈದರಾಬಾದ್ ಸಿಟಿ ಪೊಲೀಸ್ ತಂಡವಾದರು. 1950ರಿಂದ 1954ರವರೆಗೆ ಸತತ ಐದು ಸಲ ಮುಂಬೈಯ ರೋವರ್ಸ್ ಕಪ್ ಅವರದೇ. ಕೋಲ್ಕತ್ತದ ಕ್ಲಬ್ಬುಗಳೆಂದರೆ ಫುಟ್‌ಬಾಲ್, ಉಳಿದದ್ದೆಲ್ಲ ಲೊಟ್ಟೆ ಎಂದಿದ್ದ ಕಾಲದಲ್ಲಿ ಒಂದು ಪೊಲೀಸ್ ತಂಡ ಇದನ್ನು ಮಾಡಿತು. ರಾಷ್ಟ್ರೀಯ ತಂಡದ ಕೋಚ್ ಆಗಲು ರಹೀಂ ಅವರಿಗೆ ಕರೆ ಬಂದದ್ದೂ ಆ ಹೊತ್ತಿಗೇ. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್. ಫೈನಲ್‌ನಲ್ಲಿ ಇರಾನ್ ವಿರುದ್ಧ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಚಿನ್ನ. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 1–10ರ ಸೋಲು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್ ಎಂಬುದನ್ನು ನಾವು ಕನ್ನಡಿಗರು ನೆನಪಿಟ್ಟುಕೊಳ್ಳಬಹುದು. 2017ರವರೆಗೂ ಅವರು ನಮ್ಮ ನಡುವೆ ಇದ್ದರು. ನಾವು ಅವರನ್ನು ಹೋಗಿ ಮಾತಾಡಿಸಿದ್ದು ಕಡಿಮೆ.

ಹತ್ತು ಗೋಲು ತಿಂದು ಬಂದ ಮಾಸ್ಟ್ರು ಏನು ಮಾಡಿದರು? ಚಿನ್ನ ಗೆದ್ದಾಗ ಹೇಗಿದ್ದರೆಂದು ಯಾರೂ ಕೇಳುವುದಿಲ್ಲ. ಫೇಲಾದ ಹುಡುಗನನ್ನು ಹೇಗೆ ನೋಡಿಕೊಂಡರು ಎಂಬುದರಲ್ಲಿ ಮಾಸ್ಟ್ರ ಬೆಲೆ ಇದೆ. ಅದೇ ಹೆಲ್ಸಿಂಕಿಯಲ್ಲಿ ಚಿನ್ನ ಗೆದ್ದದ್ದು ಹಂಗೆರಿ. ರಹೀಂ ಆ ಆಟವನ್ನು ನೋಡಿ ಓದಿಕೊಂಡು ಬಂದು, ಹಳೆಯ ವಿನ್ಯಾಸವನ್ನು ಬಿಟ್ಟು ಹೊಸದನ್ನು ತಮ್ಮ ಹುಡುಗರಿಗೆ ಕಲಿಸಿದರು. ಬೂಟು ಹಾಕಿ ಆಡುವುದೂ ರೂಢಿಯಾಯಿತು. ನಾಲ್ಕು ವರ್ಷದ ಬಳಿಕ ಮೆಲ್ಬರ್ನ್ ಒಲಿಂಪಿಕ್ಸ್. ಆತಿಥೇಯ ಆಸ್ಟ್ರೇಲಿಯಾವನ್ನು ಭಾರತ 4–2ರಿಂದ ಸೋಲಿಸಿತು. ನೆವಿಲ್ ಡಿಸೋಜ ಹ್ಯಾಟ್ರಿಕ್ ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲ್ ಸೆಮಿಫೈನಲ್ ತಲುಪಿದ ಮೊದಲ ಏಷ್ಯನ್ ತಂಡ ನಮ್ಮದು. ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಯುಗೊಸ್ಲಾವಿಯಾ. ಈ ಸಲ ಮೊದಲ ಗೋಲು ಭಾರತದ್ದು, ಆಮೇಲೆ 1–4ರ ಸೋಲು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾಕ್ಕೆ ಸೋತು ನಾಲ್ಕನೆಯ ಸ್ಥಾನ. ಆ ತಂಡದಲ್ಲಿ ನಮ್ಮ ಮೈಸೂರು ರಾಜ್ಯದಿಂದ ಹೋದ ಕೆಂಪಯ್ಯನವರೂ ಇದ್ದರು.

ಅದೇ ತಂಡದಲ್ಲಿದ್ದ ತುಳಸಿದಾಸ್ ಬಲರಾಂ ಸಿಕಂದರಾಬಾದ್ ಬದಿಯ ಅಮ್ಮುಗುಡ ಎಂಬ ಹಳ್ಳಿಯ ಬಡ ಹುಡುಗ. ತರಬೇತಿಗೆ ಬಾ ಎಂದು ರಹೀಂ ಕರೆದಾಗ ಅಷ್ಟು ದೂರ ಬರುವುದಕ್ಕೆ ಹುಡುಗನಲ್ಲಿ ದುಡ್ಡಿರಲಿಲ್ಲ. ಬಾಡಿಗೆ ಸೈಕಲ್ಲಿಗೆ ಬೇಕಾದ ಹಣವನ್ನು ರಹೀಂ ತಾವೇ ಕೊಟ್ಟರೆಂಬ ಕತೆ ಇದೆ. ಈ ಕತೆ ಕೇಳಿದರೆ ಕಾರ್ಕಳದಲ್ಲೋ ಕಾಪುವಿನಲ್ಲೋ ಓದಿದ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಬಸ್ ಚಾರ್ಜು ಕೊಟ್ಟ ಮಾಸ್ಟ್ರು, ಪಂದ್ಯದ ದಿನ ಮಧ್ಯಾಹ್ನ ಹೋಟೆಲಿನಲ್ಲಿ ಊಟ ಹಾಕಿಸಿ ತಾವು ಬರೀ ಚಾ ಕುಡಿದು ಕೂತ ಮಾಸ್ಟ್ರು, ಪ್ರತಿ ಊರಿನ ನೆನಪಿನಲ್ಲಿಯೂ ಒಬ್ಬರಿದ್ದಾರೆ.

ನಮ್ಮ ಮಾಸ್ಟ್ರುಗಳು ಬಂದದ್ದು ಇನ್ನೊಂದು ದಾರಿಯಿಂದ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತಲ್ಲ, ಇಲ್ಲಿನ ಹೈಸ್ಕೂಲುಗಳ ಡ್ರಿಲ್ ಮಾಸ್ಟ್ರುಗಳ ಕತೆಯನ್ನು ಹಿಂದಕ್ಕೆ ಹಿಡಿದು ಹೋದರೆ ಮದ್ರಾಸಿನ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಸಿಗುತ್ತದೆ. ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ 1920ರಲ್ಲಿ ಶುರು ಮಾಡಿದ ಕಾಲೇಜು ಅದು. ಬಕ್ ಓದಿದ್ದು ಮ್ಯಾಸಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡಿನಲ್ಲಿ. ಜೇಮ್ಸ್ ನೈಸ್ಮಿತ್ ಎಂಬ ಮಾಸ್ಟ್ರು 1891ರಲ್ಲಿ ಚಳಿಗಾಲದಲ್ಲಿ ಹುಡುಗರನ್ನು ಸುಧಾರಿಸಲಾರದೆ ಬಾಸ್ಕೆಟ್‌ಬಾಲ್ ಕಟ್ಟಿದ್ದು ಅಲ್ಲೇ. ಅಲ್ಲೇ ಕಲಿತ ವಿಲಿಯಂ ಮಾರ್ಗನ್ 1895ರಲ್ಲಿ ಹತ್ತಿರದ ಹೋಲಿಯೋಕ್ ಎಂಬ ಊರಿನಲ್ಲಿ ವಾಲಿಬಾಲ್ ಕಟ್ಟಿದರು. ಬಾಸ್ಕೆಟ್‌ಬಾಲಿನ ಓಟ ವಯಸ್ಸಾದವರಿಗೆ ಹೆಚ್ಚಾಯಿತು, ಇವರಿಗೊಂದು ಸುಲಭದ ಆಟ ಬೇಕು ಎಂಬುದು ಅವರ ಯೋಚನೆ. ಆ ಸುಲಭದ ಆಟವನ್ನು ಮಲ್ಪೆ ಬದಿಯ ಹುಡುಗರು ಹೊಯಿಗೆಯಲ್ಲಿ ಆಡುವುದನ್ನು ನೋಡಿದ್ದರೆ ಮಾರ್ಗನ್ ಏನೆನ್ನುತ್ತಿದ್ದರೋ. ಅಂತೂ ಈಗ ಜಗತ್ತೆಲ್ಲ ಆಡುವ ಎರಡು ಚೆಂಡಾಟಗಳು ಹುಟ್ಟಿದ್ದು ಪಿ.ಟಿ. ಮಾಸ್ಟ್ರುಗಳ ತಲೆಯಲ್ಲಿ. 1924ರಲ್ಲಿ ಪ್ಯಾರಿಸ್‌ಗೆ ಭಾರತದ ಒಲಿಂಪಿಕ್ಸ್ ತಂಡವನ್ನು ಕರೆದೊಯ್ದದ್ದೂ ಇದೇ ಬಕ್. 1943ರಲ್ಲಿ ಸಾಯುವವರೆಗೆ ಅವರು ಭಾರತದಲ್ಲೇ ಇದ್ದರು. ಕಾಲೇಜು ಇಂದಿಗೂ ಚೆನ್ನೈಯ ನಂದನಂನಲ್ಲಿದೆ.

ಇಲ್ಲಿನ ಆಟಗಾರರಿಗೆ ಆಗ ಇದ್ದ ದಾರಿ ಎರಡು: ಒಂದು ಬ್ಯಾಂಕು, ಇನ್ನೊಂದು ಶಾಲೆ. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಮತ್ತೆ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕು ಹುಟ್ಟಿದವು. ಮುಂದೆ ಈ ಬ್ಯಾಂಕುಗಳು ಕ್ರೀಡಾ ಕೋಟಾದಲ್ಲಿ ಹುಡುಗರನ್ನು ಸೇರಿಸಿಕೊಂಡು ತಂಡ ಕಟ್ಟಿದವು. ಕಾಲೇಜಿನಲ್ಲಿ ಚೆನ್ನಾಗಿ ಆಡಿದವನಿಗೆ ಬ್ಯಾಂಕಿನ ಕರೆ ಬಂದರೆ ಮನೆಯಲ್ಲಿ ಹಬ್ಬ. ಅಷ್ಟರಲ್ಲಿ ಮಂಡಿ ಕೈಕೊಟ್ಟಿತೋ, ಆಯ್ಕೆಯ ದಿನ ಜ್ವರ ಬಂತೋ, ತಂಡದಲ್ಲಿ ಹನ್ನೆರಡನೆಯವನಾಗಿಯೇ ಉಳಿದನೋ, ಅವನು ದೈಹಿಕ ಶಿಕ್ಷಣದ ತರಬೇತಿ ಮುಗಿಸಿ ಶಾಲೆಗೆ ಬಂದ. ಎಲ್ಲರೂ ಹಾಗೆ ಬಂದವರಲ್ಲ. ಬ್ಯಾಂಕು ಬೇಡವೆಂದು ಬಂದವರೂ ಉಂಟು. ಆದರೆ ಬೆಂಚಿನಲ್ಲಿ ಕೂತು ಕಲಿತವರು ಹುಡುಗರನ್ನು ಬೇರೆ ಬಗೆಯಲ್ಲಿ ನೋಡುತ್ತಾರೆ ಎಂಬುದು ನನ್ನ ಗಟ್ಟಿ ಅನಿಸಿಕೆ. ಸಲೀಸಾಗಿ ಆಡಿ ಗೆದ್ದವನಿಗೆ ಆಟ ಬಾರದ ಹುಡುಗನ ಕಷ್ಟ ಅರ್ಥವಾಗಲಿಕ್ಕಿಲ್ಲ. ಈಗ ಆ ಬ್ಯಾಂಕುಗಳ ದಾರಿಯೂ ಕಿರಿದಾಗಿದೆ. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೆ ಹೋಯಿತು, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ ಹೋಯಿತು. ಠೇವಣಿಯವರಿಗೆ ಪಾಸ್‌ಬುಕ್ ಬದಲಾಯಿತು, ಅಷ್ಟೆ. ಆಟದ ಹುಡುಗರಿಗೆ ಬದಲಾದದ್ದು ಇನ್ನೂ ಹೆಚ್ಚು.

ಕರಾವಳಿಯಲ್ಲಿ ಪಿ.ಟಿ. ಮಾಸ್ಟ್ರ ವರ್ಷ ಶುರುವಾಗುವುದು ಮಳೆಯೊಂದಿಗೆ. ಜೂನ್‌ನಲ್ಲಿ ಶಾಲೆ ತೆರೆದಾಗ ಗ್ರೌಂಡು ಕೆಸರುಗದ್ದೆ. ಹೈಸ್ಕೂಲಿನ ಹುಡುಗರು ವರಾಂಡದಲ್ಲಿ ಚೆಸ್ಸು, ಕೇರಂ ಆಡುತ್ತಾ ಕಳೆಯುತ್ತಾರೆ. ಮಳೆ ತುಸು ಬಿಟ್ಟ ಕೂಡಲೇ ಮೊಣಕಾಲೆತ್ತರದ ಹುಲ್ಲು ಸವರಿಸಬೇಕು, ಮುರಕಲ್ಲಿನ ಹರಳು ಹೆಕ್ಕಿಸಬೇಕು, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಬೇಕು, ಎಳೆದ ಗೆರೆ ಸಂಜೆಯ ಮಳೆಗೆ ಅಳಿಸಿಹೋದರೆ ಮರುದಿನ ಮತ್ತೆ ಎಳೆಯಬೇಕು. ಇಲಾಖೆಯ ಕ್ರೀಡಾಕೂಟಗಳು ಮಳೆಯ ಬೆನ್ನಿಗೇ ಬರುತ್ತವೆ. ವಲಯ, ತಾಲೂಕು, ಜಿಲ್ಲೆ, ಆಮೇಲೆ ವಿಭಾಗ. ಉಡುಪಿ ಮೈಸೂರು ವಿಭಾಗಕ್ಕೆ ಸೇರಿರುವುದರಿಂದ ಗೆದ್ದ ತಂಡ ಘಾಟಿ ಹತ್ತಿ ಮಂಡ್ಯಕ್ಕೋ ಚಾಮರಾಜನಗರಕ್ಕೋ ಹೋಗಬೇಕು. ರಾತ್ರಿ ಬಸ್ಸು, ತಿರುವುಗಳಲ್ಲಿ ವಾಂತಿ ಮಾಡುವ ಮಕ್ಕಳು, ತಲುಪಿದ ಊರಿನ ಶಾಲೆಯ ತರಗತಿಯಲ್ಲಿ ಬೆಂಚು ಜೋಡಿಸಿ ನಿದ್ದೆ. ಹೆಣ್ಣುಮಕ್ಕಳ ತಂಡವಾದರೆ ಜೊತೆಗೊಬ್ಬ ಟೀಚರು ಬರಬೇಕು, ಅವರಿಗೆ ಮನೆಯಲ್ಲಿ ಒಪ್ಪಿಗೆ ಸಿಗಬೇಕು. ಮಗುವಿಗೆ ಕಾಲು ಉಳುಕಿದರೆ ತಂದೆ ತಾಯಿಗೆ ಫೋನು ಮಾಡಿ ಬೈಸಿಕೊಳ್ಳುವುದೂ ಮಾಸ್ಟ್ರೇ.

ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಜಿಲ್ಲೆಗೆ ದೊಡ್ಡ ಹೆಸರುಂಟು. ಆ ಹೆಸರಿನ ಬೆಲೆಯನ್ನು ತೆತ್ತದ್ದು ಪಿ.ಟಿ. ಪೀರಿಯಡ್ಡು ಎಂದರೆ ಹೆಡ್‌ಮಾಸ್ಟ್ರುಗಳಿಗೆ ಸಿಟ್ಟು ಬರಬಹುದು. ಆದರೆ ಜನವರಿ ದಾಟಿದ ಮೇಲೆ ಹತ್ತನೇ ತರಗತಿಯ ಆಟದ ಪೀರಿಯಡ್ಡಿಗೆ ಗಣಿತದ ಮಾಸ್ಟ್ರು ಪುಸ್ತಕ ಹಿಡಿದು ಬಾಗಿಲಲ್ಲಿ ನಿಲ್ಲುವುದು ನಾವೆಲ್ಲ ಕಂಡದ್ದೇ. ಪೋರ್ಷನ್ ಮುಗಿಯಲಿಲ್ಲ, ಇವತ್ತೊಂದಿವಸ ಕೊಡಿ. ಪಿ.ಟಿ. ಮಾಸ್ಟ್ರು ಪೀಪಿ ಕಿಸೆಗೆ ಹಾಕಿ ಹೊರಟುಬಿಡುತ್ತಾರೆ. ತಿರುಗಿ ಅವರು ಗಣಿತದ ಪೀರಿಯಡ್ಡು ಕೇಳಿದ್ದನ್ನು ನಾನಂತೂ ಕೇಳಿಲ್ಲ.

ಇನ್ನು ರಹೀಂ ಅವರ ಕೊನೆಯ ವರ್ಷಗಳಿಗೆ ಬರೋಣ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತ ಹಂಗೆರಿಗೆ 1–2ರಲ್ಲಿ ಸೋತಿತು, ಫ್ರಾನ್ಸ್ ಜೊತೆ 1–1ರ ಸಮ ಮಾಡಿಕೊಂಡಿತು, ಪೆರುವಿಗೆ 1–3ರಲ್ಲಿ ಸೋತು ಮರಳಿತು. ಆ ತಂಡದಲ್ಲಿ ರಹೀಂ ಅವರ ಮಗ ಸೈಯದ್ ಶಾಹಿದ್ ಹಕೀಂ ಕೂಡ ಇದ್ದರು. ಅಪ್ಪ ಕೋಚ್, ಮಗ ತಂಡದಲ್ಲಿ. ಆದರೂ ಮಗನಿಗೆ ಒಂದೂ ಪಂದ್ಯ ಆಡಲು ಸಿಗಲಿಲ್ಲ. ನಮ್ಮೂರಿನಲ್ಲಿ ಮಾಸ್ಟ್ರ ಮಕ್ಕಳಿಗೆ ಉಳಿದವರಿಗಿಂತ ಒಂದು ಪೆಟ್ಟು ಹೆಚ್ಚೇ ಬೀಳುತ್ತಿತ್ತು, ಇದೂ ಅದೇ ಲೆಕ್ಕವಿರಬೇಕು. ಹಕೀಂ ಮುಂದೆ ಅಂತಾರಾಷ್ಟ್ರೀಯ ರೆಫ್ರಿಯಾದರು, ಕೋಚ್ ಆದರು, 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಪಡೆದರು. 2021ರ ಆಗಸ್ಟ್‌ನಲ್ಲಿ ಅವರು ತೀರಿಹೋದದ್ದು ನಮ್ಮ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ.

1962ರ ಜಕಾರ್ತಾ ಏಷ್ಯನ್ ಗೇಮ್ಸ್ ಹೊತ್ತಿಗೆ ರಹೀಂ ದೇಹವನ್ನು ಕ್ಯಾನ್ಸರ್ ಹಿಡಿದಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 0–2ರ ಸೋಲು. ಥಾಯ್ಲೆಂಡ್ ವಿರುದ್ಧ 4–1ರಿಂದ ಗೆದ್ದರೂ ರಕ್ಷಣಾ ಆಟಗಾರ ಜರ್ನೇಲ್ ಸಿಂಗ್ ತಲೆ ಒಡೆದುಕೊಂಡು ಹೊಲಿಗೆ ಹಾಕಿಸಿಕೊಂಡರು. ಜಪಾನನ್ನು 2–0ರಿಂದ ಮಣಿಸಿದ ಪಂದ್ಯದಲ್ಲಿ ಅವರಿಲ್ಲ. ಹೊರಗೆ ಬೇರೆಯೇ ರಗಳೆ. ಇಸ್ರೇಲ್ ಮತ್ತು ತೈವಾನ್ ಕ್ರೀಡಾಪಟುಗಳನ್ನು ಇಂಡೋನೇಷ್ಯಾ ಹೊರಗಿಟ್ಟದ್ದನ್ನು ಭಾರತದ ಕ್ರೀಡಾ ಸಂಘಟಕ ಜಿ.ಡಿ. ಸೋಂಧಿ ಬಹಿರಂಗವಾಗಿ ವಿರೋಧಿಸಿದ್ದರು. ಅದರ ಸಿಟ್ಟು ನಮ್ಮ ಆಟಗಾರರ ಮೇಲೆ ತಿರುಗಿತು. ಅಂಥ ಸ್ಥಿತಿಯಲ್ಲಿ ರಹೀಂ ಸೆಮಿಫೈನಲ್‌ಗೆ ಜರ್ನೇಲ್ ಸಿಂಗ್ ಅವರನ್ನು ಮತ್ತೆ ಇಳಿಸಿದರು, ಅದೂ ಸೆಂಟರ್ ಫಾರ್ವರ್ಡ್ ಆಗಿ! ತಲೆಗೆ ಪಟ್ಟಿ ಕಟ್ಟಿಕೊಂಡವನನ್ನು ತಲೆಯಿಂದಲೇ ಚೆಂಡು ಹೊಡೆಯಬೇಕಾದ ಜಾಗದಲ್ಲಿ ನಿಲ್ಲಿಸಿದ ಧೈರ್ಯ ಯಾವ ಪುಸ್ತಕದಿಂದ ಬಂದದ್ದೋ. ದಕ್ಷಿಣ ವಿಯೆಟ್ನಾಂ ವಿರುದ್ಧ 3–2ರ ಗೆಲುವಿನಲ್ಲಿ ಜರ್ನೇಲ್ ಒಂದು ಗೋಲು ಹೊಡೆದರು.

ಸೆಪ್ಟೆಂಬರ್ 4ರ ಫೈನಲ್‌ಗೆ ಸೆನಾಯನ್ ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಜನ, ಹೆಚ್ಚುಕಡಿಮೆ ಎಲ್ಲರೂ ಭಾರತದ ವಿರುದ್ಧ ಕೂಗುವವರೇ. ನಮ್ಮ ಪರ ಕೂಗಿದವರೆಂದರೆ ಹಾಕಿ ಆಡಲು ಬಂದಿದ್ದ ಪಾಕಿಸ್ತಾನದ ತಂಡದವರು ಎಂದು ಆ ಆಟಗಾರರು ಕೊನೆಯವರೆಗೂ ನೆನೆಯುತ್ತಿದ್ದರು. ಮೊದಲ ಪಂದ್ಯದಲ್ಲಿ ಸೋಲಿಸಿದ್ದ ದಕ್ಷಿಣ ಕೊರಿಯಾವೇ ಎದುರಾಳಿ. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೇಲ್ ಸಿಂಗ್ ಒಂದು ಗೋಲು ಹೊಡೆದಾಗಿತ್ತು. ಕೊರಿಯಾ ಕೊನೆಗಳಿಗೆಯಲ್ಲಿ ಒಂದನ್ನು ತೀ‌ರಿಸಿತು. 2–1. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಅದಾದ ಮೇಲೆ ಚಿನ್ನ ಬಂದಿಲ್ಲ. 1963ರ ಜೂನ್ 11ರಂದು ರಹೀಂ ಹೋದರು, ವಯಸ್ಸು 53. ತರಬೇತುದಾರರಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದೇ 1985ರಲ್ಲಿ. ಅಜಯ್ ದೇವಗನ್ ನಟಿಸಿದ ‘ಮೈದಾನ್’ ಸಿನಿಮಾ 2024ರಲ್ಲಿ ಬಂದಾಗ ನಮ್ಮಲ್ಲಿ ಹಲವರು ಈ ಹೆಸರನ್ನು ಮೊದಲ ಬಾರಿ ಕೇಳಿದರು. ಸಿನಿಮಾದಲ್ಲಿ ಮೈದಾನ ಇದೆ, ಸಂಘಟಕರ ಜಗಳ ಇದೆ. ನನಗೆ ಕೊರತೆ ಕಂಡದ್ದು ಚಾದರ್‌ಘಾಟಿನ ಶಾಲೆಯ ಅಂಗಳದ್ದು.

ಕರ್ನಾಟಕದ ದೈಹಿಕ ಶಿಕ್ಷಣ ಶಿಕ್ಷಕರು ಬಹಳ ವರ್ಷಗಳಿಂದ ಪ್ರೊ. ಎಲ್.ಆರ್. ವೈದ್ಯನಾಥನ್ ವರದಿಯನ್ನು ಜಾರಿ ಮಾಡಿ ಎಂದು ಮನವಿ ಕೊಡುತ್ತಲೇ ಬಂದಿದ್ದಾರೆ. ಅವರ ಬೇಡಿಕೆ ದೊಡ್ಡದೇನಲ್ಲ. ನಮ್ಮನ್ನೂ ಸಹಶಿಕ್ಷಕರೆಂದು ಪರಿಗಣಿಸಿ, ಮುಖ್ಯೋಪಾಧ್ಯಾಯರ ಬಡ್ತಿಗೆ ನಮ್ಮ ಹೆಸರೂ ಬರಲಿ. ಕೆಲವೊಮ್ಮೆ ಇದಕ್ಕಾಗಿ ಕ್ರೀಡಾಕೂಟಗಳನ್ನು ಬಹಿಷ್ಕರಿಸುವ ಮಾತೂ ಬರುತ್ತದೆ. ಆದರೆ ಕೂಟ ನಿಂತರೆ ನಷ್ಟ ತಾವು ತಯಾರು ಮಾಡಿದ ಮಕ್ಕಳಿಗೇ ಎಂದು ಗೊತ್ತಿರುವುದೂ ಅವರಿಗೇ. ಎಷ್ಟೋ ಪ್ರಾಥಮಿಕ ಶಾಲೆಗಳಲ್ಲಿ ಈ ಹುದ್ದೆಯೇ ಇಲ್ಲ. ಕನ್ನಡದ ಟೀಚರೋ ವಿಜ್ಞಾನದ ಮಾಸ್ಟ್ರೋ ಪೀಪಿ ಊದುತ್ತಾರೆ. ಇರುವಲ್ಲಿ ಅವರಿಗೆ ಆಟದ ಜೊತೆಗೆ ಶಿಸ್ತು, ಸ್ವಾತಂತ್ರ್ಯ ದಿನದ ಪಥಸಂಚಲನ, ಪರೀಕ್ಷೆಯ ಆಸನ ವ್ಯವಸ್ಥೆ, ಬೇರೆ ಮಾಸ್ಟ್ರು ರಜೆ ಹಾಕಿದ ದಿನ ಆ ಕ್ಲಾಸು. ರಹೀಂ ಸಾಹೇಬರು ಇವತ್ತು ನಮ್ಮ ತಾಲೂಕಿನ ಯಾವುದಾದರೂ ಸರಕಾರಿ ಹೈಸ್ಕೂಲಿನಲ್ಲಿದ್ದಿದ್ದರೆ, ದುರ್ಬಲ ಕಾಲಿನ ಟೂರ್ನಮೆಂಟ್ ನಡೆಸುವುದಕ್ಕೆ ಮೊದಲು ಹೆಡ್‌ಮಾಸ್ಟ್ರಿಗೊಂದು ಅರ್ಜಿ ಬರೆಯಬೇಕಿತ್ತು. ಅರ್ಜಿಗೆ ಉತ್ತರ ಬರುವಷ್ಟರಲ್ಲಿ ಹತ್ತನೆಯವರ ಪ್ರಿಪರೇಟರಿ ಪರೀಕ್ಷೆ ಬಂದಿರುತ್ತಿತ್ತು, ಮತ್ತು ಬಾಗಿಲಲ್ಲಿ ಗಣಿತದ ಮಾಸ್ಟ್ರು.